ಒಂಬತ್ತು ಕೆಂಪು ಚಿಂದಿ

ತಂತಿಯ ಮೇಲೆ ಏಳೇ ಇದ್ದವು. ತಾಶ್‌ಬೊಲೊತ್ ಮತ್ತೆ ಎಣಿಸಿದ, ಈ ಸಲ ಬಲದಿಂದ ಎಡಕ್ಕೆ. ಆ ಕಡೆಯಿಂದ ಎಣಿಸಿದರೆ ಎರಡು ಹೆಚ್ಚಾದಾವು ಎಂಬಂತೆ. ಏಳು. ಕಾರಾ-ಬಾಲ್ಟಾದಿಂದ ಚೀನಾದ ಗಡಿಯವರೆಗಿನ ಎಂಜಿನ್ನುಗಳೆಲ್ಲ ಅವನ ಹೆಸರು ಕೇಳಿದರೆ ಸಾಕು, ತಾವಾಗಿಯೇ ಸ್ಟಾರ್ಟ್ ಆಗುತ್ತವೆಂಬುದು ಊರಿಗೆಲ್ಲ ಗೊತ್ತಿತ್ತು, ಯಾಕೆಂದರೆ ಊರಿಗೆಲ್ಲ ಅದನ್ನು ಅವನೇ ಹೇಳಿದ್ದ. ಅಂಥವನು ಈಗ ಏಳು ಎಣ್ಣೆ ಚಿಂದಿಗಳ ಮುಂದೆ, ಮೇಷ್ಟರ ಮುಂದೆ ನಿಂತ ಹುಡುಗನ ಹಾಗೆ ನಿಂತಿದ್ದ. ಒಂಬತ್ತು ಇರಬೇಕಿತ್ತು. ಐದು ವರ್ಷದಿಂದ ಪ್ರತಿ ಸಂಜೆ ಒಂಬತ್ತು ಇರುತ್ತಿದ್ದವು. ನಮ್ಮಲ್ಲಿ ಮದುವೆಗಾಗಲಿ ಸಾವಿಗಾಗಲಿ ಏನು ಕೊಟ್ಟರೂ ಒಂಬತ್ತರ ಲೆಕ್ಕದಲ್ಲೇ ಕೊಡುವುದು. ಹೆಂಡತಿ ಸಾಲ್ಕಿನ್ ಮಾಸ್ಕೋದಿಂದ ಇನ್ನು ಬರುವುದಿಲ್ಲವೆಂದು ಫೋನಿನಲ್ಲಿ ಹೇಳಿದ ದಿನ, ಅವಳು ಮದುಮಗಳಾಗಿ ಯಾವುದರ ಹಿಂದೆ ಮೂರು ದಿನ ಕೂತಿದ್ದಳೋ ಆ ಕೆಂಪು ಪರದೆಯನ್ನು ಅವನು ಪೆಟ್ಟಿಗೆಯಿಂದ ಎಳೆದು ಕತ್ತರಿಸಿದಾಗಲೂ, ಅಷ್ಟು ಸಿಟ್ಟಿನಲ್ಲೂ, ಕೈ ತಾನಾಗಿಯೇ ಒಂಬತ್ತಕ್ಕೆ ನಿಂತಿತ್ತು. ಊರಿಗೆ ಮಾತ್ರ ತೊಂಬತ್ತು ಚೂರು ಮಾಡಿದೆ ಎಂದು ಹೇಳಿದ್ದ.

ಬುರುಲ್ಚಾ ಎಜೆಯ, ಅಂದರೆ ಬುರುಲ್ಚಾ ಅಕ್ಕನ, ಬೂದು ಬಣ್ಣದ ಬಾಡಿಗೆ ಕಾರು ಹೊರಟು ಅರ್ಧ ಗಂಟೆಯಾಗಿತ್ತು. ಅದರ ಹೊಟ್ಟೆಯೊಳಗೆ ಅವನು ಬೆಳಿಗ್ಗೆಯಷ್ಟೇ ಕೂರಿಸಿದ ಹೊಸ ಆಯಿಲ್ ಪಂಪು. ಹಿಂದಿನ ಸೀಟಿನಲ್ಲಿ ಅವನ ಮಗಳು ಜುಲಾಯ್ಕಾ, ಅವಳ ತೊಡೆಯ ಮೇಲೆ ನಾಲ್ಕು ತಿಂಗಳ ಕೂಸು. ಮದುವೆಯಾದ ಮೇಲೆ ಮೊದಲ ಸಲ ತವರಿಗೆ ಬಂದು ಹತ್ತು ದಿನವಿದ್ದು ತೋಕ್ತೊಗುಲ್‌ನ ಗಂಡನ ಮನೆಗೆ ಹೊರಟಿದ್ದಳು. ಅಲ್ಲಿಗೆ ಹೋಗಬೇಕಾದರೆ ತೋ-ಅಶೂ ಏರಬೇಕು, ಹದ್ದುಗಳೂ ಅರ್ಧ ದಾರಿಯಲ್ಲಿ ಕೂತು ಏದುಸಿರು ಬಿಡುವಂಥ ಏರು. ನೆತ್ತಿಯಲ್ಲಿ ಬೆಟ್ಟದ ಹೊಟ್ಟೆ ಸೀಳಿಕೊಂಡು ಹೋಗುವ ಸುರಂಗ, ಅದರೊಳಗಿನ ಹೊಗೆಯನ್ನು ಚಾಕುವಿನಿಂದ ಕೊಯ್ದು ರೊಟ್ಟಿಗೆ ಹಚ್ಚಬಹುದು. ಅಲ್ಲಿ ಗಾಡಿ ನಿಂತರೆ ನಿಂತಿತು. ಎಣ್ಣೆ ಎಂದರೆ ರಕ್ತ, ಪಂಪು ಎಂದರೆ ಹೃದಯ ಎಂದು ಬೀದಿಯ ಮಿಕ್ಕ ಮೆಕ್ಯಾನಿಕ್ಕುಗಳೆಲ್ಲ ಹೇಳುವಾಗ ತಾಶ್‌ಬೊಲೊತ್ ನಗುತ್ತಿದ್ದ: ಹೃದಯ ನಿಂತರೆ ಒಬ್ಬ ಸಾಯ್ತಾನೆ ಕಣ್ರಯ್ಯಾ, ಪಂಪು ನಿಂತರೆ ಒಳಗೆ ಕೂತವರೆಲ್ಲ. ಆ ಮಾತು ಈಗ ಬೇರೆ ಯಾರೋ ಅವನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದ ಹಾಗೆ ಕೇಳಿಸಿತು.

ಗುಂಡಿಗೆ ಇಳಿದ. ಗುಂಡಿಯೆಂದರೆ ಗಾಡಿಯ ಕೆಳಗೆ ನಿಂತು ಕೆಲಸ ಮಾಡಲು ಅವನೇ ತೋಡಿಕೊಂಡದ್ದು. ಅಗೆಯುವಾಗ ಭೂಮಿಯ ಆ ಕಡೆಯವರ ಮಾತು ಕೇಳಿಸಿತ್ತೆಂದು ಅವನ ಹೇಳಿಕೆ. ಬ್ಯಾಟರಿ ಹಾಕಿ ಮೂಲೆ ಮೂಲೆ ನೋಡಿದ. ಹಳೆಯ ಪಂಪು ಅಲ್ಲೇ ಬಿದ್ದಿತ್ತು, ಹಲ್ಲು ಸವೆದ ಮುದುಕನ ದವಡೆಯ ಹಾಗೆ. ಹಳೆಯ ಪ್ಯಾಕಿಂಗು, ತಂತಿಯ ಬ್ರಷ್ಷು, ಪೆಟ್ರೋಲು ತುಂಬಿದ ಡಬ್ಬಿ. ಕೆಂಪು ಎಲ್ಲೂ ಇಲ್ಲ. ಅಂಗಿಯ ಜೇಬು, ಪಾನಾಗಳ ಪೆಟ್ಟಿಗೆ, ಒಲೆಯ ಬೂದಿ, ಎಲ್ಲ ನೋಡಿದ. ಬೆಳಿಗ್ಗೆ ಎಂಜಿನ್ನಿನ ತಳದ ಚೇಂಬರನ್ನು ಇದೇ ಕೈಗಳಿಂದ ಇಳಿಸಿ, ಪೆಟ್ರೋಲಿನಲ್ಲಿ ತೊಳೆದಿದ್ದ. ಹೊಸ ಪಂಪಿನ ಬಾಯಿಗೆ ಎಣ್ಣೆ ಹುಯ್ದು, ಹಲ್ಲುಗಳ ಸಂದಿಯಿಂದ ಗಾಳಿಯೆಲ್ಲ ಹೋಗಿ ಎಣ್ಣೆ ಚಿಮ್ಮುವವರೆಗೆ ಬೆರಳಲ್ಲಿ ತಿರುಗಿಸಿ, ಬೋಲ್ಟು ಬಿಗಿದದ್ದು ನೆನಪಿದೆ. ಎಣ್ಣೆ ಹೀರುವ ಕೊಳವೆಯ ಜಾಲರಿಯನ್ನು ಊದಿ ನೋಡಿದ್ದು ನೆನಪಿದೆ. ಆಮೇಲೆ ಚೇಂಬರು ಒರೆಸುತ್ತಿದ್ದಾಗ ಗುಂಡಿಯ ಅಂಚಿನಲ್ಲಿ ಜುಲಾಯ್ಕಾಳ ಪಾದಗಳು ಬಂದು ನಿಂತವು. ಚಹಾ ತಂದಿದ್ದಳು. ಪಾದಗಳು ಹೋಗಲಿಲ್ಲ.

"ಅಪ್ಪ, ನಿನ್ನೆ ಅಮ್ಮನ ಜೊತೆ ಮಾತಾಡ್ದೆ. ನಿಮ್ಮಪ್ಪನ ಕೆಮ್ಮು ಹೆಂಗಿದೆ ಅಂತ ಕೇಳಿದ್ಲು."

ಅವನು ಕೇಳಿಸದವನ ಹಾಗೆ, "ಬೋಲ್ಟು ಎಲ್ಲಿ ಹೋದ್ವು, ಹಾಳಾದ್ ಬೋಲ್ಟು!" ಎಂದು ಅರಚಿದ್ದ. ಬೋಲ್ಟುಗಳು ಅಂಗೈಯಲ್ಲೇ ಇದ್ದವು. ಅಲ್ಲಿಂದ ಮುಂದಕ್ಕೆ ನೆನಪಿನಲ್ಲಿ ಒಂದು ತೂತು. ಕೈಗಳು ತಮ್ಮ ಪಾಡಿಗೆ ತಾವು ಪ್ಯಾಕಿಂಗು ಕೂರಿಸಿವೆ, ಚೇಂಬರು ಎತ್ತಿವೆ, ಬಿಗಿದಿವೆ. ಅವನು ಮಾತ್ರ ಅಲ್ಲಿರಲಿಲ್ಲ. ಅವನು ಕೆಮ್ಮಿನೊಳಗಿದ್ದ, ಅದನ್ನು ನೆನಪಿಟ್ಟುಕೊಂಡಿದ್ದ ಹೆಂಗಸಿನ ದನಿಯೊಳಗಿದ್ದ. ಕೈಯಲ್ಲಿದ್ದ ಚಿಂದಿ ಎಲ್ಲಿ ಹೋಯಿತು? ಅದು ಚೇಂಬರಿನ ತಳದಲ್ಲೇ ಉಳಿದಿದ್ದರೆ ಇಲ್ಲಿ, ಸಮತಟ್ಟಾದ ಅಂಗಳದಲ್ಲಿ, ಏನೂ ಗೊತ್ತಾಗುವುದಿಲ್ಲ. ಎಣ್ಣೆಯಲ್ಲಿ ಸುಮ್ಮನೆ ಮಲಗಿರುತ್ತದೆ. ಏರು ಸಿಕ್ಕಾಗ, ತಿರುವುಗಳಲ್ಲಿ ಎಣ್ಣೆ ಆಚೀಚೆ ತೊನೆದಾಗ, ಎದ್ದು ತೇಲಿ ಜಾಲರಿಗೆ ಹೋಗಿ ಅಂಟಿಕೊಳ್ಳುತ್ತದೆ. ಆಮೇಲೆ ಪಂಪು ಎಷ್ಟು ಜೋರಾಗಿ ಎಳೆದರೆ ಅದೂ ಅಷ್ಟೇ ಗಟ್ಟಿಯಾಗಿ ಬಾಯಿ ಮುಚ್ಚುತ್ತದೆ. ನಿದ್ದೆಯಲ್ಲಿರುವ ಕೂಸಿನ ಮುಖದ ಮೇಲೆ ಬಟ್ಟೆ ಜಾರಿಬಿದ್ದಂತೆ. ಈ ಹೋಲಿಕೆ ಅವನಿಗೆ ಬೇಕಿರಲಿಲ್ಲ, ಬಂತು.

ಫೋನು ಕೈಯಲ್ಲಿ ಹಿಡಿದು ನಿಂತ. ಎದುರುಗಡೆ ಟಯರಿನ ಅಂಗಡಿಯ ಮುಂದೆ ಓರೊಜೊ ಆತಾ, ಬೀದಿಗೆಲ್ಲ ಅಜ್ಜ, ಸ್ಟೂಲಿನ ಮೇಲೆ ಕೂತು ಇತ್ತಲೇ ನೋಡುತ್ತಿದ್ದ. ವಯಸ್ಸು ಎಪ್ಪತ್ತೈದೋ ಇನ್ನೂರೋ. ಬಾಯಲ್ಲಿ ಉಳಿದದ್ದು ಮೂರು ಹಲ್ಲು, ಮೂರೂ ಚಿನ್ನದವು. ಅರ್ಧ ಗಂಟೆಯ ಹಿಂದೆ ಬಾತಾ ಕೊಟ್ಟವನು ಅವನೇ. ಎಲ್ಲರೂ ಕಾರಿನ ಸುತ್ತ ಅಂಗೈ ಬಿಚ್ಚಿ ನಿಂತಿದ್ದರು. ದಾರಿ ಬಿಳಿಯಾಗಲಿ, ಮುಂದೆ ತೆರೆದಿರಲಿ, ಹಿಂದೆ ಮುಚ್ಚಿರಲಿ ಎಂದು ಮುದುಕ ಹರಸಿದ. ಓಮಿನ್ ಎಂದು ಮುಖ ಸವರಿಕೊಂಡರು. ಬಾತಾ ಆದ ಮೇಲೆ ಹೊರಟವರನ್ನು ಹಿಂದಿನಿಂದ ಕರೆಯುವವರುಂಟೇ? ಕರೆದರೆ ಮುದುಕ ಮುಚ್ಚಿದ ಬಾಗಿಲನ್ನು ನೀನು ಒದ್ದು ತೆಗೆದ ಹಾಗೆ. ಅದೂ ಯಾವುದಕ್ಕೆ? ತಾಶ್‌ಬೊಲೊತ್ ಉಸ್ತಾದ ಗಾಡಿಯ ಹೊಟ್ಟೆಯೊಳಗೆ ಬಟ್ಟೆ ಬಿಟ್ಟು ಹೊಲಿದ ಎಂದು ಹೇಳುವುದಕ್ಕೆ. ಅದೂ ಬಾತಾಕ್ಕೆ ಮುಂಚೆ, ಎಂಜಿನ್ನು ಸ್ಟಾರ್ಟ್ ಮಾಡಿ ಒತ್ತಡದ ಮೀಟರು ಜೋಡಿಸಿ, ಊರಿಗೆಲ್ಲ ಕೇಳುವ ಹಾಗೆ ಅವನು ಕೂಗಿದ್ದೇನು?

"ಎಷ್ಟು ತೋರಿಸ್ತಿದೆ ಬಾಯ್ಕೆ?" ಎಂದು ಬುರುಲ್ಚಾ ಎಜೆ, ಅಣ್ಣನನ್ನು ಕರೆಯುವ ಸಲಿಗೆಯಲ್ಲಿ, ಕೇಳಿದ್ದಳು.

"ಆರು! ಆರು ಕಣೇ! ಅಂಗಡಿಯಿಂದ ಹೊಸದಾಗಿ ಇಳಿದ ಗಾಡೀಲೂ ಆರು ಬರಲ್ಲ. ಈ ಪಂಪಿಗೆ ನೀನು ಚಂದ್ರಲೋಕಕ್ಕೆ ಹೋಗಿ ಬಾ, ಕೆಂಪು ದೀಪ ಹತ್ತಿದ್ರೆ ನನ್ನ ಹೆಸರು ತಾಶ್‌ಬೊಲೊತ್ ಅಲ್ಲ, ಕತ್ತೆ ಅಂತ ಕರಿ."

"ಕತ್ತೆಗೆ ಬೇಜಾರಾಗುತ್ತೆ ಬಿಡು," ಎಂದಿದ್ದಳು ಅವಳು, ಗಂಡಸಿನ ಹಾಗೆ ನಗುತ್ತ. ಮೀಟರಿನ ಮುಖಕ್ಕೆ ಅವನ ಅಂಗೈ ಅಡ್ಡವಿತ್ತು. ಮುಳ್ಳು ಎರಡೂವರೆಯ ಮೇಲಿತ್ತು. ಎರಡೂವರೆಯೇ ಸರಿ, ಎರಡೂವರೆಯೇ ಬೇಕಾದದ್ದು. ಆದರೆ ಎರಡೂವರೆ ಎಂದು ಯಾರಾದರೂ ಕೂಗುತ್ತಾರೆಯೇ?

ಕರೆ ಒತ್ತಿದ. ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದಿತು ಹೆಂಗಸಿನ ದನಿ. ಕಣಿವೆಯೊಳಗೆ ಹೋದವರಿಗೆ ಸಿಗ್ನಲ್ ಎಲ್ಲಿಯದು. ಆ ಕ್ಷಣ ಅವನ ಎದೆಯೊಳಗೆ ಏನೋ ಸಡಿಲವಾಯಿತು, ಬಿಸಿ ಚಹಾ ಕುಡಿದ ಹಾಗೆ ಹಿತವಾಯಿತು: ಕರೆಯಲು ನೋಡಿದೆ, ಸಿಗಲಿಲ್ಲ, ನನ್ನ ತಪ್ಪಲ್ಲ. ಆ ಹಿತ ಎಷ್ಟು ಹೊತ್ತು ಇತ್ತೋ. ಫೋನನ್ನು ಜೇಬಿಗೆ ಹಾಕಿ, ಒಲೆಯ ಮೇಲಿಂದ ಕೆಟಲು ಇಳಿಸಿ, ಪಿಯಾಲೆಗೆ ಚಹಾ ಹುಯ್ದುಕೊಂಡು, ನಿಜವಾಗಿಯೂ ಎರಡು ಗುಟುಕು ಕುಡಿದ. ಮೂರನೆಯ ಗುಟುಕಿನಲ್ಲಿ, ತನಗೆ ಹಿತವಾಯಿತೆಂಬುದು ತಿಳಿಯಿತು. ಮಗಳು ಸುರಂಗದ ಕಡೆಗೆ ಹೋಗುತ್ತಿದ್ದಾಳೆ, ನನಗೆ ಹಿತವಾಯಿತು. ಪಿಯಾಲೆ ಕೆಳಗಿಟ್ಟ. ಹೊರಗೆ ಓಡಿದ, ಓಡುತ್ತಿರುವಾಗಲೂ ಓಡುತ್ತಿಲ್ಲವೆಂದು ತೋರಿಸಲು ನೋಡಿದ.

"ಏನೋ, ಮುಖಕ್ಕೆ ಹಿಟ್ಟು ಬಳ್ಕೊಂಡಿದೀಯಾ?" ಎಂದ ಓರೊಜೊ ಆತಾ.

"ನಿನ್ನ ಜೀಪು ಕೊಡು ಆತಾ. ಕೂಸಿನ ಟೋಪಿ ಮರೆತು ಹೋಗಿದಾಳೆ."

"ಬಾತಾ ಆದ್ಮೇಲೆ ಟೋಪಿಗೋಸ್ಕರ ಹಿಂದಿಂದ ಕೂಗ್ತೀಯಾ? ನಿನ್ನ ತಲೇಲಿ ಇರೋದು ಮಿದುಳೋ ಗ್ರೀಸೋ?"

"ಜೀಪು ಕೊಡು ಆತಾ."

ಮುದುಕ ಅವನ ಕೈ ನೋಡಿದ. ಕೈಯಲ್ಲಿ ಟೋಪಿ ಇರಲಿಲ್ಲ. ಹದಿಮೂರನೇ ನಂಬರಿನ ಪಾನಾ ಇತ್ತು, ಮೀಟರು ಇತ್ತು, ಪ್ಯಾಕಿಂಗಿಗೆ ಹಚ್ಚುವ ಅಂಟಿನ ಟ್ಯೂಬು ಇತ್ತು. ಏನೂ ಕೇಳದೆ ಸ್ಟೂಲಿನಿಂದ ಎದ್ದ. "ನನ್ನ ಜೀಪನ್ನ ನನ್ನ ಹೆಂಡ್ತಿಗೇ ಕೊಟ್ಟಿಲ್ಲ. ಹತ್ತು, ನಾನೇ ಓಡಿಸ್ತೀನಿ."

ಆ ಜೀಪು ಅಂದು ಹೋದ ವೇಗವನ್ನು ನಾನು ಹೇಳಿದರೆ ನೀವು ನಂಬುವುದಿಲ್ಲ. ದಾರಿ ಬದಿಯ ಕುರಿಗಳ ಉಣ್ಣೆ ತಾನಾಗಿ ಕತ್ತರಿಸಿಕೊಂಡು ಬಿತ್ತು ಎಂದಷ್ಟೇ ಹೇಳುತ್ತೇನೆ. ತಾಶ್‌ಬೊಲೊತ್‌ಗೆ ಮಾತ್ರ ಅದು ನಿಂತೇ ಇದ್ದಂತಿತ್ತು, ಬೆಟ್ಟಗಳೇ ಒಂದೊಂದಾಗಿ ಎದ್ದು ಬಂದು ಅವನನ್ನು ನೋಡಿ ಹೋಗುತ್ತಿದ್ದಂತೆ. ಪ್ರತಿ ತಿರುವಿನಾಚೆಗೂ ಬೂದು ಕಾರನ್ನು ಕಂಡ: ಬಾನೆಟ್ ಎತ್ತಿ ನಿಂತದ್ದು, ಹೊಳೆಗೆ ಉರುಳಿದ್ದು, ಹೊಗೆಯಾಡುವುದು, ತಿರುವು ದಾಟಿದರೆ ಬರೀ ಬಂಡೆ, ಬರೀ ನೀರು. ಓರೊಜೊ ಆತಾ ಬಾಯಿಗೆ ಹುಳಿ ಮೊಸರಿನ ಒಣ ಉಂಡೆ ಹಾಕಿಕೊಂಡು ಚೀಪುತ್ತ, ತನ್ನ ಕಾಲದಲ್ಲಿ ಈ ಏರನ್ನು ಮೂರು ಟಯರಿನಲ್ಲಿ ಹತ್ತಿದ್ದನ್ನು ಹೇಳುತ್ತಿದ್ದ. ತಾಶ್‌ಬೊಲೊತ್‌ಗೆ ನೆನಪಾಯಿತು: ಜುಲಾಯ್ಕಾ ತವರಿಗೆ ಬಂದ ಮೊದಲ ದಿನ ತಂತಿಯ ಕೆಳಗೆ ನಿಂತಿದ್ದಳು. ಚಿಂದಿಯೊಂದರ ಮೂಲೆ ಹಿಡಿದು, ಕಪ್ಪು ಜಿಡ್ಡಿನ ಕೆಳಗೆ ಟಗರಿನ ಕೊಂಬಿನ ಕಸೂತಿಯ ಸುರುಳಿಯನ್ನು ಬೆರಳಲ್ಲಿ ಹುಡುಕುತ್ತ, "ತೊಳೆದ್ರೆ ಬಣ್ಣ ಬರುತ್ತಾ ಅಪ್ಪ?" ಎಂದಿದ್ದಳು. ಬಟ್ಟೆ ಅಂದ್ರೆ ಬಟ್ಟೆ, ಎಣ್ಣೆ ಹೀರಿದ್ರೆ ಸಾಕು ಎಂದಿದ್ದ. ಆ ಪರದೆಯನ್ನು ಮಗಳ ಮದುವೆಗೆ ಕಟ್ಟಬೇಕೆಂದು ಸಾಲ್ಕಿನ್ ಎತ್ತಿಟ್ಟಿದ್ದಳೆಂಬುದು ಅವನಿಗೆ ಗೊತ್ತಿತ್ತು. ಕತ್ತರಿಸುವಾಗಲೂ ಗೊತ್ತಿತ್ತು. ಬೇರೆಯವರ ಪರದೆಯ ಹಿಂದೆ ಕೂತು ಮದುಮಗಳಾದ ಹುಡುಗಿ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಈಗ ಆ ಪರದೆಯ ಚೂರೇ ಅವಳ ಹಿಂದೆ ಹೋಗಿ, ಅವಳು ಕೂತ ಗಾಡಿಯ ಗಂಟಲು ಹಿಡಿಯಲು ನೋಡುತ್ತಿದೆ.

"ಟೋಪಿ ಯಾವ ಬಣ್ಣದ್ದೋ?" ಎಂದ ಮುದುಕ ಇದ್ದಕ್ಕಿದ್ದಂತೆ.

"ಕೆಂಪು," ಎಂದ ತಾಶ್‌ಬೊಲೊತ್. ಹೇಳಿದ ಮೇಲೆ ಕಿಟಕಿಯ ಕಡೆ ತಿರುಗಿದ.

ಸುರಂಗದ ಬಾಯಲ್ಲಿ ಗಾಡಿಗಳ ಸಾಲು ನಿಂತಿತ್ತು. ಒಳಗೆ ಒಂದು ಪಕ್ಕದಲ್ಲಿ ರಿಪೇರಿ; ಆ ಕಡೆಯವರನ್ನು ಬಿಟ್ಟ ಮೇಲೆಯೇ ಈ ಕಡೆಯವರನ್ನು ಬಿಡುತ್ತಿದ್ದರು. ಸಾಲಿನಲ್ಲಿ ಏಳನೆಯದು ಬೂದು ಕಾರು. ಇಲ್ಲೂ ಏಳು. ಎಂಜಿನ್ನು ಓಡುತ್ತಿತ್ತು, ಒಳಗೆ ಬೆಚ್ಚಗಿರಲೆಂದು. ಗಾಳಿ ಚರ್ಮ ಸುಲಿಯುವ ಹಾಗಿತ್ತು, ದಾರಿಯ ಅಂಚಿನಲ್ಲಿ ಇನ್ನೂ ಕರಗದ ಕೊಳಕು ಹಿಮ. ಕಿಟಕಿಯ ಹತ್ತಿರ ಹೋಗಿ ಗಾಜು ಬಡಿದ.

"ಅಯ್ಯಯ್ಯೋ, ಬಾಯ್ಕೆ!" ಎಂದು ಬುರುಲ್ಚಾ ಎಜೆ ಗಾಜು ಇಳಿಸಿದಳು. "ಯಾರು ಸತ್ರು?"

"ಎಂಜಿನ್ ಆಫ್ ಮಾಡು."

"ಯಾಕೆ?"

"ಆಫ್ ಮಾಡೇ! ದೀಪ ಹತ್ತಿತ್ತಾ? ಎಣ್ಣೆ ದೀಪ?"

ಅವಳು ಕೀಲಿ ತಿರುಗಿಸಿದಳು. "ಕೊನೇ ಎರಡು ತಿರುವಿನಲ್ಲಿ ಮಿಣಕ್ ಅಂದಂಗಾಯ್ತು. ಬಿಸಿಲು ಬಡೀತೇನೋ ಅಂದ್ಕೊಂಡೆ. ನೀನೇ ಹೇಳಿದ್ಯಲ್ಲ, ಆರು ಅಂತ."

ಹಿಂದಿನ ಸೀಟಿನಿಂದ ಜುಲಾಯ್ಕಾ ಅವನನ್ನು ನೋಡುತ್ತಿದ್ದಳು. ಕೂಸು ನಿದ್ದೆಯಲ್ಲಿತ್ತು, ತಲೆಯ ಮೇಲೆ ಬಿಳಿ ಟೋಪಿ. ಸಾಲಿನ ಡ್ರೈವರುಗಳು ಒಬ್ಬೊಬ್ಬರಾಗಿ ಇಳಿದು ಬರತೊಡಗಿದರು, ಜೇಬಿನಲ್ಲಿ ಕೈಯಿಟ್ಟುಕೊಂಡು, ಬಿಟ್ಟಿ ತಮಾಷೆಗೆ.

"ಒಂದು ಬಟ್ಟೆ," ಎಂದ ತಾಶ್‌ಬೊಲೊತ್. "ಒರೆಸೋ ಬಟ್ಟೆ ಒಂದು ಕಾಣ್ತಿಲ್ಲ. ಒಳಗೆ ಉಳಿದಿರಬಹುದು. ಇರಲಾರದು. ಆದ್ರೂ."

ಒಂದು. ಮೀನು ಹಿಡಿದರೆ ತಿಮಿಂಗಿಲವೆನ್ನುತ್ತಿದ್ದವನು, ನೆಗಡಿಯಾದರೆ ಮೂರು ಸಲ ಸತ್ತು ಬಂದೆ ಎನ್ನುತ್ತಿದ್ದವನು, ತನ್ನ ಆಯುಷ್ಯದಲ್ಲಿ ಮೊದಲ ಬಾರಿಗೆ ಒಂದು ಲೆಕ್ಕವನ್ನು ಕಡಿಮೆ ಮಾಡಿ ಹೇಳಿದ. ಯಾಕೆ ಹಾಗೆ ಹೇಳಿದನೆಂದು ಅವನಿಗೇ ತಿಳಿಯಲಿಲ್ಲ. ಒಂದು ಬಟ್ಟೆ ಮರೆತವನು ಉಸ್ತಾದ; ಎರಡು ಮರೆತವನು ಕಟುಕ, ಅಷ್ಟೇ ಇರಬಹುದು.

ಎಣ್ಣೆ ಇಳಿಸಿಕೊಳ್ಳಲು ಪಾತ್ರೆ ಬೇಕಿತ್ತು. ಜುಲಾಯ್ಕಾ ಡಿಕ್ಕಿಯಿಂದ ಹೊಸ ಬೋಗುಣಿ ತೆಗೆದುಕೊಟ್ಟಳು, ತವರಿನ ಉಡುಗೊರೆಯೆಂದು ಅವನೇ ಕೊಟ್ಟದ್ದು, ಒಳಗೆಲ್ಲ ನೀಲಿ ಹೂವು. ಅವನು ಹಿಮದ ಕೆಸರಿನ ಮೇಲೆ ಬೆನ್ನು ಕೊಟ್ಟು ಕಾರಿನಡಿಗೆ ಜಾರಿದ. ಬಿಸಿ ಎಣ್ಣೆ ಹೂವುಗಳ ಮೇಲೆ ಇಳಿಯುವಾಗ ಮಣಿಕಟ್ಟು ಸುಟ್ಟಿತು, ಕೈ ಎಳೆದುಕೊಳ್ಳಲಿಲ್ಲ. ಹೊಸ ಎಣ್ಣೆ, ಇನ್ನೂ ಜೇನಿನ ಬಣ್ಣ. ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. ಸುತ್ತ ಬೂಟುಗಳು ಮಾತಾಡುತ್ತಿದ್ದವು. ಯಾರೋ, "ಡಾಕ್ಟ್ರೇ, ಗಂಡೋ ಹೆಣ್ಣೋ?" ಎಂದರು. ಯಾರೋ, "ಒಳಗೆ ಪಾಯಜಾಮ ಬಿಟ್ಟಿದಾನಂತೆ, ಅದಕ್ಕೇ ಹುಡುಕ್ಕೊಂಡು ಬಂದಿದಾನೆ" ಎಂದರು. ಇನ್ನು ಮೂರು ಬೋಲ್ಟು ಉಳಿದಿದ್ದಾಗ ಜುಲಾಯ್ಕಾಳ ಪಾದಗಳು ಬಂದವು, ಬೆಳಿಗ್ಗೆ ಗುಂಡಿಯ ಅಂಚಿನಲ್ಲಿ ನಿಂತಂತೆಯೇ ನಿಂತವು.

"ಅಪ್ಪ. ಆ ಕೆಂಪು ಬಟ್ಟೆನಾ?" ಅವಳ ದನಿ ಸಣ್ಣದಾಗಿತ್ತು. "ಅದು ನಾನು ತಗೊಂಡೆ. ನಿನ್ನೆ ರಾತ್ರಿ. ನಿನ್ನ ಕೇಳಿದ್ರೆ ಬೈತೀಯ ಅಂತ ಹೇಳ್ಲಿಲ್ಲ."

ಬಾಗಿ, ಕಾರಿನಡಿಗೆ ಕೈ ಚಾಚಿ ತೋರಿಸಿದಳು. ಕೂಸಿನ ಹೊದಿಕೆಯ ಒಳಗಿಂದ ತೆಗೆದದ್ದು. ಸಾಬೂನಿನಲ್ಲಿ ಉಜ್ಜಿ ಉಜ್ಜಿ ತೊಳೆದಿದ್ದಳು, ಬಣ್ಣ ಬಂದಿತ್ತು. ಟಗರಿನ ಕೊಂಬಿನ ಸುರುಳಿ ಬಿಳಿ ದಾರದಲ್ಲಿ ಸ್ಪಷ್ಟವಾಗಿತ್ತು, ಸಾಲ್ಕಿನ್‌ಳ ತಾಯಿ ಹೊಲಿದದ್ದು.

ಬೆಟ್ಟದಲ್ಲಿ ಅಂಥ ನಗು ಕೇಳಿ ನೂರು ವರ್ಷವಾಗಿರಬೇಕು. ಬುರುಲ್ಚಾ ಎಜೆ ಬಾನೆಟ್ಟನ್ನು ಗುದ್ದಿ ಗುದ್ದಿ ನಕ್ಕಳು. "ನನ್ನ ಜೀವ ತೆಗೆದ್ಯಲ್ಲೋ ಬಾಯ್ಕೆ! ಮಗಳನ್ನ ಬಿಟ್ಟಿರಕ್ಕಾಗಲ್ಲ ಅಂದ್ರೆ ಹಂಗೇ ಹೇಳ್ಬಾರ್ದಾ! ಬಿಗಿ, ಬಿಗಿ, ಎಣ್ಣೆ ಹುಯ್ಯಿ, ಸಾಲು ಹೊರಡ್ತಿದೆ." ನಿಜವಾಗಿಯೂ ಹೊರಟಿತ್ತು. ಮುಂದಿನ ಲಾರಿ ಗುರುಗುಟ್ಟಿತು, ಹಿಂದಿನಿಂದ ಹಾರ್ನುಗಳು ಹತ್ತಿದವು. ಡ್ರೈವರುಗಳು ಓಡಿದರು. ಎಲ್ಲರ ಬಳಿಯೂ ಈಗ ಒಂದು ಕಥೆಯಿತ್ತು, ಒಳ್ಳೆಯ ಕಥೆ: ಹುಚ್ಚು ಅಪ್ಪ, ಕಳ್ಳ ಮಗಳು. ಅದರಲ್ಲಿ ಅವನಿಗೂ ಒಂದು ಮೆತ್ತನೆಯ ಜಾಗವಿತ್ತು. ಕಪ್ಪು ಚೇಂಬರು ಅವನ ಮೂಗಿನಿಂದ ಒಂದು ಗೇಣು ಮೇಲೆ, ಮೂರು ಬೋಲ್ಟಿನ ಮೇಲೆ ನೇತಾಡುತ್ತಿತ್ತು. ಪಾನಾ ಬಲಕ್ಕೆ ತಿರುಗಿಸಿದರೆ ಆಯಿತು. ಎರಡನೆಯದು ಎಲ್ಲಾದರೂ ಬಿದ್ದಿರಬಹುದು. ಗಾಳಿಗೆ ಹಾರಿರಬಹುದು. ನಾಯಿ ಕಚ್ಚಿಕೊಂಡು ಹೋಗಿರಬಹುದು. ಓರೊಜೊ ಆತಾನ ನಾಯಿ ಚಪ್ಪಲಿ ಕದಿಯುವುದಿಲ್ಲವೇ. ಮಿಣಕ್ ಅಂದದ್ದು ಬಿಸಿಲೇ ಇರಬಹುದು. ಮೇಲೆ ಕಾರಿನೊಳಗೆ ಕೂಸು ಎದ್ದು ಅಳತೊಡಗಿತು. ಅದರ ಉಸಿರು ಕಟ್ಟಿ, ಮತ್ತೆ ಬಂದು, ಮತ್ತೆ ಕಟ್ಟುವುದು ತಗಡಿನ ಮೂಲಕ ಅವನ ಎದೆಗೇ ಕೇಳಿಸಿತು.

"ಎರಡು," ಎಂದ.

ಹಾರ್ನಿನ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಅದೂ ಒಂದು ಅವಕಾಶವೇ. ಸುಮ್ಮನಿದ್ದುಬಿಡಬಹುದಿತ್ತು.

"ಎರಡು!" ಎಂದು ಅರಚಿದ. "ತಂತಿ ಮೇಲೆ ಏಳೇ ಇದ್ದಿದ್ದು! ಎರಡು ಕಾಣೆ. ಒಂದು ಅಂತ ಸುಳ್ಳು ಹೇಳ್ದೆ!"

ಬೂಟುಗಳು ನಿಂತವು. ಬುರುಲ್ಚಾ ಎಜೆಯ ನಗು ನಡುವೆಯೇ ಕಡಿಯಿತು. ಅವನು ಮೂರನ್ನೂ ಬಿಚ್ಚಿದ. ಪ್ಯಾಕಿಂಗು ಹರಿದು ಚೇಂಬರು ಅವನ ಎದೆಯ ಮೇಲೆ ಇಳಿಯಿತು. ಅದು ಖಾಲಿ. ಒಂದು ಕ್ಷಣ ಅವನು ಅದರ ಹೊಳೆಯುವ ತಳವನ್ನೇ ನೋಡಿದ, ನಗು ಬರುವಂತಾಯಿತು. ಆಮೇಲೆ ಕಣ್ಣೆತ್ತಿದ. ಚಿಂದಿ ಮೇಲಿತ್ತು. ಹೀರುವ ಕೊಳವೆಯ ಬಾಯಿಗೆ ಅರ್ಧ ಅಂಟಿ, ಅರ್ಧ ಜೋತುಬಿದ್ದು, ಇನ್ನೊಂದು ತಿರುವಿಗೆ ಕಾಯುತ್ತಿತ್ತು. ಬೆರಳಿನಿಂದ ಎಳೆದ. ಬರಲಿಲ್ಲ, ಮತ್ತೆ ಎಳೆದಾಗ ಬಾವಲಿಯ ಹಾಗೆ ಕಳಚಿತು. ಅದರ ಮೇಲೆ ಜಾಲರಿಯ ಚೌಕಗಳು ಅಚ್ಚಾಗಿ ಮೂಡಿದ್ದವು.

ಅದನ್ನು ತೋಳಿನೊಳಗೆ ಅಡಗಿಸಿಕೊಳ್ಳಬೇಕೆಂದು ಅನಿಸಿತು. ಕೈ ಅದಕ್ಕೆ ಹೊರಟೂ ಇತ್ತು. ಆದರೆ ಜುಲಾಯ್ಕಾ ಕೆಸರಿನಲ್ಲಿ ಮೊಣಕಾಲೂರಿ ಕಾರಿನಡಿಗೆ ನೋಡುತ್ತಿದ್ದಳು, ಅಂಗೈ ಚಾಚಿದ್ದಳು. ಕೊಟ್ಟ. ಅವಳು ಎಣ್ಣೆ ಹಿಂಡಿದಳು, ಇನ್ನೊಂದರ ಜೊತೆ ಸೇರಿಸಿ ಮಡಚಿದಳು. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಹಿಂದಿದ್ದ ಗಾಡಿಗಳು ಬದಿಯಿಂದ ದಾಟಿ ಸುರಂಗದೊಳಗೆ ಹೋದವು. ಯಾರೂ ಹಾರ್ನು ಮಾಡಲಿಲ್ಲ. ಅವನು ಅಂಟು ಹಚ್ಚಿ, ಚೇಂಬರು ಎತ್ತಿ, ಬೋಲ್ಟುಗಳನ್ನು ಅಡ್ಡಡ್ಡಲಾಗಿ ಬಿಗಿದ, ಒಂದೊಂದನ್ನೂ ಬಾಯಲ್ಲಿ ಎಣಿಸುತ್ತ. ಅಂಟು ಒಣಗುವವರೆಗೆ ಕಾದರು. ಓರೊಜೊ ಆತಾ ಮೊಸರಿನ ಉಂಡೆಯೊಂದನ್ನು ಅವನಿಗೆ ನೀಡಿದ, ತಗೊಂಡ, ತಿನ್ನಲಿಲ್ಲ. ನೀಲಿ ಹೂವಿನ ಬೋಗುಣಿಯಿಂದ ಎಣ್ಣೆಯನ್ನು ಸೋಸಿ ಮರಳಿ ಹುಯ್ದ. ಮೀಟರು ಜೋಡಿಸಿದ. ಬುರುಲ್ಚಾ ಎಜೆ ಕೀಲಿ ತಿರುಗಿಸಿದಳು. ಎಂಜಿನ್ನು ಮೊದಲು ಒಣ ದನಿಯಲ್ಲಿ ಕಟಕಟ ಎಂದು, ಆಮೇಲೆ ಮೆತ್ತಗಾಯಿತು. ಮುಳ್ಳು ಸೊನ್ನೆಯಿಂದ ಎದ್ದು, ನಡುಗಿ, ನಿಂತಿತು.

"ಎಷ್ಟು ಬಾಯ್ಕೆ?" ಎಂದಳು ಎಜೆ. ಕುಚೋದ್ಯವಿರಲಿಲ್ಲ ಅದರಲ್ಲಿ.

ಅವನು ಮೀಟರಿನ ಮುಖದಿಂದ ಕೈ ತೆಗೆದು ಅವಳ ಕಡೆಗೆ ತಿರುಗಿಸಿದ.

"ಎರಡೂವರೆ."

"ಬೆಳಿಗ್ಗೆ ಆರು ಅಂದಿದ್ದೆ."

"ಬೆಳಿಗ್ಗೆನೂ ಎರಡೂವರೆನೇ."

ಅವಳು ಕಪ್ಪು ಸುರಂಗದ ಬಾಯಿಯನ್ನು ನೋಡಿದಳು, ಮುಳ್ಳನ್ನು ನೋಡಿದಳು. ಹಿಂದಿನ ಸೀಟಿನಿಂದ ಜುಲಾಯ್ಕಾಳೂ ನೋಡುತ್ತಿದ್ದಳು, ಕೂಸನ್ನು ಎದೆಗೆ ಒತ್ತಿಕೊಂಡು.

"ಎರಡೂವರೆ ಸಾಕಾ?"

ಅವನ ಗಂಟಲಿನಲ್ಲಿ ಕೆಮ್ಮು ಬಂತು. ಅದು ಹೋಗುವವರೆಗೆ ಕಾದ.

"ಸಾಕು," ಎಂದ.